ಕಡೆಗೆ ಬಂದ ಮರಳಕಣ

ಲೋಕಕ್ಕೆ ಇನ್ನೂ ಹಾಲುಹಲ್ಲು ಮೂಡಿರದ ಕಾಲ. ಸಮುದ್ರಕ್ಕೆ ಉಪ್ಪು ಕೂಡ ಬೆರೆಸಿರಲಿಲ್ಲ. ನೆಕ್ಕಿ ನೋಡಿದವರೇ ಹೇಳಿದ್ದು, ಸುಳ್ಳಲ್ಲ.

ಆ ಸಮುದ್ರದ ದಂಡೆಯಲ್ಲಿ ಒಂದು ಮರಳುದಿಬ್ಬ. ಅಲ್ಲಿಯ ಕಣಗಳದ್ದು ಒಂದೇ ಕಟ್ಟಳೆ: ಹೆಗಲ ಮೇಲೆ ಭಾರ ಬಿತ್ತೋ, ಕೆಳಗಿನವನಿಗೆ ದಾಟಿಸು. ಅವನು ತನ್ನ ಕೆಳಗಿನವನಿಗೆ ದಾಟಿಸುತ್ತಿದ್ದ. ಹೀಗೆ ದಾಟಿಸಿ ದಾಟಿಸಿ ಎಲ್ಲರೂ ಇನ್ನೇನು ಜಾರಿಬಿಡುತ್ತೇವೆ ಎನ್ನುವಂತೆ ತುದಿಗಾಲಲ್ಲೇ ನಿಂತಿದ್ದರು. ದೂರದಿಂದ ನೋಡಿದರೆ ಮಾತ್ರ, ಆಹಾ, ಏನು ಗಾಂಭೀರ್ಯ!

ಒಂದು ದಿನ ಗಾಳಿ ಮಳಲಿ ಎಂಬ ಪುಟ್ಟ ಕಣವನ್ನು ಹೊತ್ತು ತಂದಿತು. ಇಲ್ಲಿ ಜಾಗ ಸಿಗದಿದ್ದರೆ ಅವಳಿಗೆ ಸಮುದ್ರವೇ ಗತಿ. ನೀರಿಗೆ ಬಿದ್ದ ಕಣ ಮತ್ತೆ ಬಿಸಿಲು ಕಂಡದ್ದಿಲ್ಲ.

"ಒಂಚೂರು ಸರಿದುಕೊಳ್ಳಿ ಅಣ್ಣಾ," ಎಂದಳು ಮಳಲಿ.

"ಇಲ್ಲೇನು ನಿನ್ನಪ್ಪ ಚಾಪೆ ಹಾಸಿಟ್ಟಿದ್ದಾನಾ?" ಎಂದ, ನೆತ್ತಿಯ ಮೇಲೆ ಕೂತಿದ್ದ ದಪ್ಪ ಕಣ ಗರಸಣ್ಣ.

"ನಿನ್ನೆ ಬಂದವನಿಗೆ ಕೊಟ್ಟಿರಲ್ಲ?"

"ಅವನು ಬಂದಾಗ ನಾಲ್ಕು ಮಂದಿ ಜಾರಿದರು, ಅಷ್ಟೆ. ಹ್ಞೂಂ, ಕೂತು ಸಾಯಿ ಮಾರಾಯ್ತಿ."

ಮಳಲಿ ಅವನ ಹೆಗಲ ಮೇಲೆ ಕುಳಿತಳು. ಗರಸಣ್ಣ ಭಾರ ದಾಟಿಸಿದ. ಕೆಳಗಿನವನೂ ದಾಟಿಸಿದ. ಅವನ ಕೆಳಗಿನವರೂ ದಾಟಿಸಿದರು. ಸರ್ರನೆ ಇಡೀ ದಿಬ್ಬವೇ ಕುಸಿದು ಬುಡದಲ್ಲಿ ಬೀಸಣಿಗೆಯಂತೆ ಹರಡಿಕೊಂಡಿತು.

ಮೈ ಕೊಡವಿಕೊಂಡು ಎದ್ದವರೆಲ್ಲ ಒಂದೇ ಬಾಯಲ್ಲಿ ಕೂಗಿದರು: "ಎಲ್ಲಾ ಇವಳಿಂದಲೇ!"

"ನಿನ್ನೆಯವನದ್ದೂ ನನ್ನದೂ ಒಂದೇ ತೂಕ ಅಣ್ಣಾ. ಭಾರ ದಾಟಿಸಿದವರು ನೀವಲ್ಲವಾ?"

"ಕಡೆಗೆ ಬಂದವಳು ನೀನು. ತಪ್ಪು ಕಡೆಗೆ ಬಂದವರದೇ," ಎಂದ ಗರಸಣ್ಣ. ಪಂಚಾಯಿತಿ ಅಲ್ಲಿಗೆ ಮುಗಿಯಿತು. ಆದರೆ ಅವಳನ್ನು ನೀರಿಗೆ ನೂಕುವ ಪಾಪ ಯಾರಿಗೂ ಬೇಡ. ಅದಕ್ಕೇ ಅವಳನ್ನೂ ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಕಡೆಯವನ ಪಕ್ಕದಲ್ಲಿ ಸಮುದ್ರವಿತ್ತು. ಮಳಲಿ ಮುಳುಗಿದಳು.

ಗಾಳಿ ಸಿಟ್ಟಿಗೆದ್ದು ಶಪಿಸಿತು: "ಎಲವೋ ಹೇಡಿಗಳಾ! ಯಾವ ಕಣಕ್ಕೆ ಎಷ್ಟು ಮಂದಿ ಜಾರುತ್ತೀರೆಂದು ನಿಮಗೆ ಎಂದೂ ಮೊದಲೇ ತಿಳಿಯದಿರಲಿ. ಸಣ್ಣ ಕುಸಿತ ದಿನದಿನವೂ ಬರಲಿ, ದೊಡ್ಡದು ಅಪರೂಪಕ್ಕೆ ಬರಲಿ, ಎರಡಕ್ಕೂ ಒಂದೇ ಬೀಸಣಿಗೆಯ ಮುಖವಿರಲಿ. ಸಣ್ಣದನ್ನು ಕಂಡಾಗಲಾದರೂ ದೊಡ್ಡದು ನೆನಪಾದೀತು!"

ದಿಬ್ಬದವರು ತಲೆಯಾಡಿಸಿ, ಆ ಶಾಪವನ್ನೂ ಕೆಳಗಿನವರಿಗೆ ದಾಟಿಸಿದರು.

ಅದಕ್ಕೇ ಮಗೂ, ಮರಳಗುಡ್ಡೆಯ ಮೇಲೆ ನೀನು ಹಿಡಿಹಿಡಿ ಮರಳು ಸುರಿದಾಗ ಸಣ್ಣ ಬೀಸಣಿಗೆಗಳು ಮತ್ತೆ ಮತ್ತೆ ಜಾರುತ್ತವೆ, ದೊಡ್ಡ ಬೀಸಣಿಗೆ ಯಾವಾಗಲೋ ಒಮ್ಮೆ ಹೇಳದೆ ಕೇಳದೆ ಜಾರುತ್ತದೆ. ಆಗ ನೀನೂ ಕಡೆಯ ಹಿಡಿಯನ್ನೇ ಬೈಯುತ್ತೀಯ.