ಮೂವತ್ತೊಂಬತ್ತು ಪದ, ಮೂರು ಅಂಕಣ

೨೦೧೮ರ ಜೂನ್ ೪, ಸೋಮವಾರ. ಸರೋಜಿನಿಬಾಯಿಯ ಹಳೆಯ ಡೈರಿಯಲ್ಲಿ ಆ ದಿನದ ಕೆಳಗೆ ಹೀಗಿದೆ: "ಮೋನಪ್ಪಜ್ಜನವರ ಬಾಯಲ್ಲಿ ಮೂವತ್ತೊಂಬತ್ತು ತತ್ವಪದಗಳಿವೆ. ಎಲ್ಲಿಯೂ ಬರೆದಿಟ್ಟಿಲ್ಲ. ಬಲ್ಲವರು ಈಗ ಅವರೊಬ್ಬರೇ. ದಾಖಲಿಸುವ ಹೊಣೆ ನನ್ನದು."

ಅಜ್ಜನ ಮಠವೆಂದರೆ ಭೀಮಾ ನದಿಯ ದಡದಲ್ಲಿ ಒಂದು ಬೇವಿನ ಮರ, ಒಂದು ಕಟ್ಟೆ, ಒಂದು ಏಕತಾರಿ. ಅಲ್ಲೊಂದು ಕಟ್ಟುಪಾಡಿತ್ತು. ಶಿಷ್ಯರು ಬಾಯಿಬಿಟ್ಟು ಕೇಳದ ಹೊರತು ಗುರು ಹಾಡುವಂತಿಲ್ಲ. ಕೇಳಿದರೂ ದಿನಕ್ಕೆ ಒಂದೇ ಪದ.

ಸರೋಜಿನಿಬಾಯಿ ಅರವತ್ತು ದಾಟಿದ ಮೇಲೆ ಶಿಷ್ಯೆಯಾದವಳು. ಆ ಕಾಲದಲ್ಲೇ ಬಿ.ಎಸ್ಸಿ. ಮುಗಿಸಿದವಳು. ಮನೆಯಲ್ಲಿ ಮೂವರು ಸೊಸೆಯರೂ ಅವಳ ಮಾತು ಮೀರುತ್ತಿರಲಿಲ್ಲ.

ಮೊದಲ ದಿನ ಅಜ್ಜ ತಂತಿ ಮೀಟಿದ. "ಇವತ್ತ ಒಂದು ಕೇಳ್ತಿಯೇನ, ತಂಗಿ?"

"ಲ್ಯಾಪ್‌ಟಾಪ್ ಬರ್ಲಿ, ಅಜ್ಜಾ. ಹಿಡದ್ರ ಚಲೋತ್ನಾಗಿ ಹಿಡೀಬೇಕು."

"ನೋಟಬುಕ್ಕಿನ್ಯಾಗ ಬರಕೊ."

"ಗೆದ್ದಲ ತಿಂತದ್ರಿ."

"ಹಂಗಾದ್ರ ನಿನ್ನ ಫೋನಿನ್ಯಾಗ?"

"ಅದು ಇವತ್ತ ಅದ, ನಾಳೆ ಇಲ್ಲ. ಐವತ್ತು ವರ್ಷದ ಮ್ಯಾಲೂ ತೆಗದು ಕೇಳೂ ಹಂಗ ಇರಬೇಕ್ರಿ."

ಅಜ್ಜ ಏಕತಾರಿಯನ್ನು ಮರಕ್ಕೆ ಒರಗಿಸಿಟ್ಟ.

ಅಂದೇ ಅವಳು ಡೈರಿಯಲ್ಲಿ ಸ್ಕೇಲಿಟ್ಟು ಮೂರು ಅಂಕಣ ಎಳೆದಳು. ಲ್ಯಾಪ್‌ಟಾಪನ್ನು ನಡೆಸುವ ಮೂರು ಸಿಸ್ಟಮ್‌ಗಳು: ವಿಂಡೋಸ್, ಮ್ಯಾಕ್, ಲಿನಕ್ಸ್. ಒಂದು ಎಲ್ಲರಿಗೂ ಗೊತ್ತಿರುವುದು, ತಾಲ್ಲೂಕಿನಲ್ಲೇ ರಿಪೇರಿ ಆಗುವುದು. ಇನ್ನೊಂದು ಬಹುಕಾಲ ಬಾಳುವುದೆಂದು ನಡುವಿನ ಸೊಸೆ ಹೇಳಿದ್ದಳು. ಮತ್ತೊಂದಕ್ಕೆ ಯಾರ ಹಂಗೂ ಇಲ್ಲ. ಪ್ರತಿಯೊಂದಕ್ಕೂ ಅಂಕ ಕೊಟ್ಟಳು. ಮರುದಿನ ಅಳಿಸಿ ಮತ್ತೆ ಕೊಟ್ಟಳು.

ಆಷಾಢದಲ್ಲಿ ಅವಳು ಕೇಳಿದಳು: "ನೀವಾಗಿದ್ರ ಯಾವುದು ತಗೋತಿದ್ರಿ, ಅಜ್ಜಾ?"

"ನಮ್ಮ ಗುರುವಿನ ಏಕತಾರಿದ ತಂತಿ ಒಂದಿನ ಹರೀತು," ಅಂದ ಅಜ್ಜ. "ಅವತ್ತ ಅವ ತೊಡಿ ಬಡದು ಹಾಡಿದ."

ಸರೋಜಿನಿಬಾಯಿ ನಕ್ಕಳು. "ತೊಡಿಗೆ ಯಾವ ಸಿಸ್ಟಮ್ ಹಾಕ್ಸಿದ್ರಂತ?"

ಅಜ್ಜನೂ ನಕ್ಕ. ತನ್ನ ತೊಡೆಯ ಮೇಲೆ ಮೆಲ್ಲಗೆ ಎರಡು ಸಲ ಬಡಿದ. ಅವಳು ಏನನ್ನಾದರೂ ಕೇಳಬಹುದೆಂದು ಕಾದ. ಅವಳು ಲ್ಯಾಪ್‌ಟಾಪಿನ ಬ್ಯಾಟರಿಯ ಬಾಳಿಕೆಯ ಬಗ್ಗೆ ಹೇಳತೊಡಗಿದಳು.

ಶ್ರಾವಣದಲ್ಲಿ ಅಜ್ಜ ಅವಳನ್ನು "ನೀಲವ್ವಾ" ಎಂದು ಕರೆದ. ನೀಲವ್ವ ಅವನ ಹೆಂಡತಿ, ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

"ನಾ ಸರೋಜಿನಿರಿ, ಅಜ್ಜಾ."

"ಹೌದಲ್ಲ," ಅಂದ ಅಜ್ಜ. ಏಕತಾರಿಯನ್ನು ಮಡಿಲಿಗೆ ಎಳೆದುಕೊಂಡ. "ಇವತ್ತರ ಒಂದು ಕೇಳ್ತಿಯೇನ?"

"ಇನ್ನ ಸ್ವಲ್ಪ ದಿನ ತಡೀರಿ."

ಅವಳು ಅದನ್ನೂ ಡೈರಿಯಲ್ಲಿ ಬರೆದಳು: "ಅಜ್ಜನವರಿಗೆ ಮರೆವು." ಬರೆದು ಪುಟ ತಿರುವಿದಳು.

ದೀಪಾವಳಿಯ ಹೊತ್ತಿಗೆ ಲಿನಕ್ಸ್ ಗೆದ್ದಿತು. ಲ್ಯಾಪ್‌ಟಾಪನ್ನು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಕಟ್ಟೆಯ ಮೇಲಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದಳು.

"ಮೊದಲನೇ ಪದ ಹಾಡ್ರಿ, ಅಜ್ಜಾ."

ಅಜ್ಜ ತಂತಿ ಮೀಟಿದ. ರಾಗ ಬಂತು. ಮಾತು ಬರಲಿಲ್ಲ.

ಮತ್ತೆ ಮೀಟಿದ. ತೊಡೆ ಬಡಿದ. ತುಟಿ ಅಲುಗಿತು. ಪರದೆಯ ಮೇಲೆ ಬರಿಯ ಗಾಳಿಯ ಸದ್ದಿನ ಗೆರೆ ಓಡುತ್ತಿತ್ತು.

"ಬಿಡ್ರಿ ಅಜ್ಜಾ, ನಾಳೆ ನೋಡೋಣ," ಅಂದಳು.

ಅಂದಿನಿಂದ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಮೂವತ್ತೊಂಬತ್ತು ಬೆಳಗು ಮೂವತ್ತೊಂಬತ್ತು ಸಲ ಕೇಳಿದಳು. ಕೆಲವು ದಿನ ಪದ ಪೂರ್ತಿ ಬಂತು. ಕೆಲವು ದಿನ ಒಂದೇ ಸಾಲು. ಎಷ್ಟೋ ದಿನ ಅಜ್ಜ ಬರಿದೇ ಅವಳ ಮುಖ ನೋಡಿದ, ಅವಳಿಗಾದರೂ ನೆನಪಿರಬಹುದೇನೋ ಎಂಬಂತೆ.

ಕೊನೆಯ ದಿನ ಅವಳು ಲೆಕ್ಕ ನೋಡಿದಳು. "ಪೂರ್ತಿ ಬಂದವು ಹನ್ನೊಂದ್ರಿ, ಅಜ್ಜಾ," ಅಂದಳು. ಡೈರಿ ಮುಚ್ಚಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಜ್ಜ ಲ್ಯಾಪ್‌ಟಾಪಿನ ಮೇಲಿನ ಬೇವಿನೆಲೆಯನ್ನು ಬೆರಳಿನಿಂದ ಸರಿಸಿದ.

"ಚಂದದ. ಎಷ್ಟು ಬಿತ್ತು?"

"ಐವತ್ತೆರಡು ಸಾವಿರ, ಅಜ್ಜಾ."

"ಅಲ್ಲ, ತಂಗಿ," ಅಂದ ಅಜ್ಜ. "ಇಪ್ಪತ್ತೆಂಟು ಪದ ಬಿತ್ತು."