ಹೊಳೆ ಬಿಟ್ಟುಹೋದ ನೆಲ

ಆ ವರ್ಷ ಕೃಷ್ಣಾನದಿ ದಂಡೆಯನ್ನು ಕೊರೆದು ಕೊರೆದು ಊರನ್ನೇ ನುಂಗಿಬಿಟ್ಟಿತ್ತು. ಬದುಕುಳಿದವರು ಚಪ್ಪರಗಳಲ್ಲಿ ದಿನ ನೂಕುತ್ತಿದ್ದರು. ಊರಗೌಡ ಬಾಪುಗೌಡ ಹೊಸ ಊರಿಗೆಂದು ಹೊಳೆಯಿಂದ ದೂರದ ಸಪಾಟು ಬಯಲೊಂದನ್ನು ಗೊತ್ತುಮಾಡಿದ. ಮಹಾಪೂರದ ನೀರು ಅಲ್ಲಿಗೆ ಮುಟ್ಟಿರಲಿಲ್ಲ. ಬಯಲಿನ ಮೂಲೆಯಲ್ಲಿ, ದಂಟಿನ ಗುಡಿಸಲಿನಲ್ಲಿ, ಸ್ವಾಮಿಗಳಾದ ಪೂಜ್ಯ ಅಡವಯ್ಯ ಅಪ್ಪಗಳು ಒಬ್ಬರೇ ವಾಸವಾಗಿದ್ದರು.

"ಇಲ್ಲಿ ಊರು ಬ್ಯಾಡೋ ಗೌಡಾ. ದಿಬ್ಬದ ಮ್ಯಾಲೆ ಕಟ್ಟು" ಎಂದರು ಅಪ್ಪಗಳು.

ಗೌಡನ ಮೈಯೆಲ್ಲ ಉರಿಯಿತು. ದಿಬ್ಬವೆಂದರೆ ಅವನದೇ ಹೊಲ. ಜೋಳ ತೆನೆ ಬಿಟ್ಟು ನಿಂತಿತ್ತು. ತನ್ನ ಹೊಲ ಊರ ಪಾಲಾಗಬೇಕು, ಬಯಲು ಇವರಿಗೆ ಮಠ ಕಟ್ಟಿಕೊಳ್ಳಲು ಉಳಿಯಬೇಕು, ಎಂಥ ಹುನ್ನಾರ! ಗುಡಿಸಲಿನತ್ತ ಕಟ್ಟಡದ ಕಲ್ಲೇನಾದರೂ ಬರುತ್ತದೆಯೋ ಎಂದು ಅವನು ಆಳಿಟ್ಟು ಕಾಯಿಸಿದ. ಬಂದದ್ದು ಭಿಕ್ಷೆಯ ರೊಟ್ಟಿ ಮಾತ್ರ. ಎಲ್ಲ ಗುಟ್ಟಾಗಿ ನಡೆಸಿದ್ದಾರೆಂದು ಅವನ ಸಂಶಯ ಇನ್ನಷ್ಟು ಬಲಿಯಿತು.

ಹಟಕ್ಕೆ ಬಿದ್ದು ತಳಪಾಯ ತೋಡಿಸಿದ. ಎರೆಮಣ್ಣಿನ ಕೆಳಗೆ ಮರಳು, ಮರಳಿನಲ್ಲಿ ಹೊಳೆಯ ಚಿಪ್ಪುಗಳು. ಇನ್ನೂ ಕೆಳಗೆ ಹರಿಗೋಲು ಕಟ್ಟುವ ಕಲ್ಲು, ಹಗ್ಗ ತಿಕ್ಕಿ ತಿಕ್ಕಿ ಸವೆದದ್ದು. ಇದನ್ನೂ ಅಪ್ಪಗಳೇ ಹೂಳಿಸಿದ್ದರೆ? ಗೌಡ ಯಾರನ್ನೂ ನಂಬದೆ ತಾನೇ ಗುದ್ದಲಿ ಹಿಡಿದು ಬೇರೆ ಕಡೆ ಅಗೆದ. ಅಲ್ಲೂ ಮರಳು, ಅಲ್ಲೂ ಚಿಪ್ಪು. ಸಹ್ಯಾದ್ರಿಯಿಂದ ಮೂಡಣ ಕಡಲಿಗೆ ನಡೆದ ಕೃಷ್ಣೆ ಯಾವುದೋ ಕಾಲದಲ್ಲಿ ಇದೇ ಬಯಲಿನಲ್ಲಿ ಹರಿದು, ಆಮೇಲೆ ಮಗ್ಗಲು ಬದಲಿಸಿದ್ದಳು. ಹಾಗೆ ಸರಿದವಳು ಈ ವರ್ಷವೂ ಸರಿದಿದ್ದಳು.

ಆದರೂ ಗೌಡನ ನಾಲಿಗೆ ಸುಮ್ಮನಿರಲಿಲ್ಲ. "ಹೊಳಿ ತಿರುಗಿ ಬರೂದಾದ್ರ ತಾವ್ಯಾಕ ಇಲ್ಲೇ ಕುಂತೀರಿ, ಅಪ್ಪಾರ?"

ಅಪ್ಪಗಳು ಮೆಲ್ಲಗೆ ನುಡಿದರು: "ನಾ ಒಬ್ಬಾವ. ನೀರು ಬಂದ್ರ ಎದ್ದು ಹೋಗತೀನಿ. ತೊಟ್ಟಿಲು ಎದ್ದು ಹೋಗತಾವೇನು?"

ಚಪ್ಪರದಲ್ಲಿ ಅವನ ಮೊಮ್ಮಗಳು ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಗೌಡ ಗುದ್ದಲಿ ಕೆಳಗಿಟ್ಟ.

ಮರುದಿನ ಬೆಳಗ್ಗೆ ಅವನು ಕುಡಗೋಲು ಹಿಡಿದು ದಿಬ್ಬ ಹತ್ತಿದ. ತೆನೆಯಲ್ಲಿ ಕಾಳು ಇನ್ನೂ ಹಾಲು.

"ಗೌಡ್ರ, ಹಸೀ ಪೀಕು ಕೊಯ್ಯಾಕತ್ತೀರಲ್ಲ!" ಎಂದು ಜನ ಕೂಗಿಕೊಂಡರು.

"ಮನಿ ಕಟ್ಟಾಕ ಜಾಗಾ ಬೇಕಲ್ರೋ" ಎಂದ. ಕೊಯ್ಯುತ್ತಲೇ ಅತ್ತ.

ಪರಮಪೂಜ್ಯ ಅಪ್ಪಗಳೂ ಕುಡಗೋಲು ಹಿಡಿದು ಪಕ್ಕದ ಸಾಲಿಗೆ ಇಳಿದರು. ಅಂದು ಆಳಿಟ್ಟು ಕಾಯಿಸಿದ್ದ ಗೌಡ ಈಗ ಅವರೇನು ಮಾಡುತ್ತಿದ್ದಾರೆಂದು ಒಮ್ಮೆಯೂ ಹೊರಳಿ ನೋಡಲಿಲ್ಲ.