ಮುಗಿಲಾಳಿನ ತಾಯಿ

"ಗುರುಗಳೇ, ಊರೆಲ್ಲ ಕೊಂಡಾಡುವ ಕತೆಯನ್ನು ಬರೆಯುವವನೇ ಅದನ್ನು ನಡುವೆ ಕೈಬಿಟ್ಟು ಹೋಗುವುದೇಕೆ?" ಎಂದು ಅಡವೀಶ ಕೇಳಿದ.

ಅಡವೀಶ ಮಠಕ್ಕೆ ಬರುವ ಮೊದಲು ವಾರಪತ್ರಿಕೆಗಳ ಚಿತ್ರಕತೆ ಓದಿ ಬೆಳೆದವನು. ಅವನು ಮೆಚ್ಚಿದ್ದ ಸಾಹಸವೀರರ ಕತೆಗಳನ್ನು ಚೆನ್ನಾಗಿ ಬರೆಯುತ್ತಿದ್ದವರು, ಹೆಸರು ಬಂದ ಹೊತ್ತಿನಲ್ಲೇ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಅದು ಅವನಿಗೆ ಅರ್ಥವಾಗಿರಲಿಲ್ಲ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಕತೆಗಾರನಿದ್ದ. ಅಲ್ಲಿಯ ವಾರಪತ್ರಿಕೆಯಲ್ಲಿ ಮುಗಿಲಾಳು ಎಂಬ ವೀರನ ಚಿತ್ರಕತೆ ಬರುತ್ತಿತ್ತು. ಮುಗಿಲಾಳು ಆಕಾಶದಲ್ಲಿ ಹಾರುತ್ತಿದ್ದ. ಒಡೆದ ಕೆರೆಯ ಏರಿಗೆ ಬೆನ್ನು ಕೊಟ್ಟು ನೀರನ್ನು ನಿಲ್ಲಿಸುತ್ತಿದ್ದ. ಅವನನ್ನು ಮೊದಲು ಕಲ್ಪಿಸಿದವನು ಈ ಕತೆಗಾರನಲ್ಲ, ಇವನಿಗಿಂತ ಹಿರಿಯರು ಯಾರೋ. ಇವನು ಚಿಕ್ಕಂದಿನಲ್ಲಿ ಆ ಕತೆಗಳನ್ನು ಹಾಳೆ ಹರಿಯುವವರೆಗೆ ಓದಿದವನು. ಮುಂದೆ ಪತ್ರಿಕೆಯ ಯಜಮಾನ ಇವನನ್ನು ಕರೆದು, "ಇನ್ನು ಮುಗಿಲಾಳನ್ನು ನೀವೇ ಬರೆಯಿರಿ" ಎಂದಾಗ, ಕಳೆದುಹೋದ ಅಣ್ಣ ಮನೆಗೆ ಬಂದಂತೆ ಆಯಿತು ಅವನಿಗೆ.

ಮುಗಿಲಾಳಿಗೆ ಹೆಸರಿಗೊಬ್ಬ ತಾಯಿ ಇದ್ದಳು. ಕತೆಗಾರ ಅವಳ ಬಾಯಿಗೆ ಮಾತು ಕೊಟ್ಟ. "ಆಕಾಶ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಎರಡು ತುತ್ತು ಉಣ್ಣು" ಎಂದು ಅವಳು ಮಗನನ್ನು ಗದರಿಸಿದಳು. ಜನ ನಕ್ಕರು. ಬರಬರುತ್ತ, ಮಗ ಹಾರುವುದಕ್ಕಿಂತ ತಾಯಿ ಗದರುವುದಕ್ಕಾಗಿ ಪತ್ರಿಕೆ ಕೊಳ್ಳುವವರೇ ಹೆಚ್ಚಾದರು.

ಒಂದು ಮಳೆಗಾಲ ಕತೆಗಾರ ಆ ತಾಯಿಗೆ ಜ್ವರ ಬರಿಸಿದ. ಕೆರೆಯ ನೀರನ್ನು ತಡೆದ ಮಗನಿಗೆ ಜ್ವರವನ್ನು ತಡೆಯಲಾಗಲಿಲ್ಲ. ಅವಳು ಅವನ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡಳು. ಅಂದು ಮುಗಿಲಾಳು ಹಾರಲಿಲ್ಲ. ಎಲ್ಲರಂತೆ ಚಟ್ಟಕ್ಕೆ ಹೆಗಲು ಕೊಟ್ಟು, ಕೆಸರಿನಲ್ಲಿ ನಡೆದು ಮಸಣಕ್ಕೆ ಹೋದ. ಆ ವಾರ ಪಟ್ಟಣವೇ ಅತ್ತಿತು. ಅಂಥ ಬರಹವನ್ನು ಹಿಂದೆ ಯಾರೂ ಬರೆದಿರಲಿಲ್ಲ ಎಂದು ಬಲ್ಲವರು ಕತೆಗಾರನಿಗೆ ಶಾಲು ಹೊದಿಸಿದರು.

ಕೆಲವು ತಿಂಗಳು ಕಳೆದ ಮೇಲೆ ಯಜಮಾನ ಅವನನ್ನು ಕರೆಸಿಕೊಂಡ. ಯಜಮಾನ ಕೆಟ್ಟವನಲ್ಲ, ಪತ್ರಿಕೆ ನಡೆಯಬೇಕೆಂಬುದಷ್ಟೇ ಅವನ ಚಿಂತೆ.

"ಜನ ಆ ತಾಯಿಯನ್ನು ಕೇಳುತ್ತಿದ್ದಾರೆ. ಸತ್ತವಳು ಅವಳ ವೇಷ ಹಾಕಿದ್ದ ಮಾಯಾವಿ ಎಂದು ಬರೆದು, ಅವಳನ್ನು ಮನೆಗೆ ಕರೆತನ್ನಿ" ಎಂದ.

"ಮಗ ಅವಳಿಗೆ ಮಣ್ಣು ಕೊಟ್ಟು ಬಂದಿದ್ದಾನೆ, ಯಜಮಾನರೇ."

"ಮುಗಿಲಾಳು ಪತ್ರಿಕೆಗೆ ಸೇರಿದವನು. ನೀವು ಬರುವ ಮೊದಲೂ ಇದ್ದ, ನಾಳೆ ನೀವಿಲ್ಲದಿದ್ದರೂ ಇರುತ್ತಾನೆ."

ತಾನು ಒಲ್ಲೆನೆಂದರೆ ಬೇರೆಯವರು ಬರೆಯುತ್ತಾರೆ, ಮುಗಿಲಾಳು ಕೈತಪ್ಪಿ ಹೋಗುತ್ತಾನೆ. ಹಾಗೆಂದು ಹೆದರಿ ಕತೆಗಾರ ಬರೆದ. ತಾಯಿ ಹೊಸಿಲು ದಾಟಿ ಒಳಗೆ ಬಂದಳು. ಓದುಗರು ಕುಣಿದಾಡಿದರು. ಪತ್ರಿಕೆ ಎಂದಿಗಿಂತ ಹೆಚ್ಚು ಮಾರಾಟವಾಯಿತು.

ಅದಾದ ಮೇಲೆ ಒಂದು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಅವನ ಮನೆ ಹುಡುಕಿಕೊಂಡು ಬಂದಳು. ಕೂರಲು ಹೇಳಿದರೂ ಕೂರಲಿಲ್ಲ.

"ನಮ್ಮವ್ವ ಹೋದಾಗ ನನಗೆ ಅಳು ಬಂದಿರಲಿಲ್ಲ ಅಣ್ಣ. ಮನೆ ತುಂಬ ನೆಂಟರು, ಕೈ ತುಂಬ ಕೆಲಸ. ಮುಗಿಲಾಳು ಕೆಸರಿನಲ್ಲಿ ನಡೆದು ಹೋದದ್ದನ್ನು ಓದಿದ ದಿನ ಅತ್ತೆ. ಅಷ್ಟು ದೊಡ್ಡವನಿಗೂ ಇದು ತಪ್ಪಲಿಲ್ಲವಲ್ಲ, ನನಗೊಬ್ಬ ಜೊತೆಗಾರ ಇದ್ದಾನೆ ಅಂದುಕೊಂಡೆ" ಎಂದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಅವನ ತಾಯಿ ಬಂದುಬಿಟ್ಟಳು. ಬರಲಿ, ಸಂತೋಷವೇ. ನಾನು ಯಾರ ಜೊತೆ ಇರಲಿ?"

ಅವಳು ಕೈಮುಗಿದು ಹೊರಟುಹೋದಳು.

ಅಂದು ಅವನು ಮುಂದಿನ ವಾರದ ಕತೆ ಬರೆಯಲು ಕೂತ. ತಾಯಿ ಮಗನನ್ನು ಊಟಕ್ಕೆ ಕರೆಯಬೇಕಾಗಿತ್ತು. ಮಾತುಗಳು ಹಳೆಯವೇ ಬಂದವು, ಆದರೆ ಅವುಗಳ ಹಿಂದೆ ಅವಳ ದನಿ ಇರಲಿಲ್ಲ. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಕೊನೆಗೆ ಎದ್ದು ಯಜಮಾನನಲ್ಲಿಗೆ ಹೋಗಿ, ಇನ್ನು ತನ್ನಿಂದಾಗದು ಎಂದ.

ಯಜಮಾನ ನಿಜವಾಗಿಯೂ ನೊಂದುಕೊಂಡ. "ಹೆಸರಿದೆ, ಮನ್ನಣೆ ಇದೆ, ಜನ ತಲೆಯ ಮೇಲೆ ಹೊತ್ತಿದ್ದಾರೆ. ಇಲ್ಲಿ ನಿಮಗೆ ಏನು ಕಡಿಮೆಯಾಯಿತು?" ಎಂದು ಕೇಳಿದ.

"ಸಾವು" ಎಂದ ಕತೆಗಾರ.

ಆಮೇಲೆ ಅವನು ಬೇರೊಂದು ಊರಿಗೆ ಹೋಗಿ ನೆಲೆಸಿದ. ಹಾರಲು ಬಾರದವರ ಕತೆಗಳನ್ನು ಬರೆದ. ಅವರು ಮುದುಕರಾದರು, ಸತ್ತರು, ಸತ್ತವರು ಸತ್ತೇ ಇದ್ದರು. ಓದಿದವರು ಕೆಲವರೇ.

ಮುಗಿಲಾಳಿನ ಕತೆಯನ್ನು ಈಗ ಇನ್ನೊಬ್ಬ ಬರೆಯುತ್ತಿದ್ದ. ಪತ್ರಿಕೆ ಆ ಊರಿಗೂ ಬರುತ್ತಿತ್ತು. ಬಂದ ದಿನ ಕತೆಗಾರ ಬಸ್ ನಿಲ್ದಾಣದ ಅಂಗಡಿಗೆ ಹೋಗಿ, ನಿಂತಲ್ಲೇ ಅದನ್ನು ಬಿಡಿಸುತ್ತಿದ್ದ. ಮುಗಿಲಾಳಿನ ಒಂದು ಕೂದಲೂ ನೆರೆತಿರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಕತೆಗಾರ ಆ ವೀರನ ಮುಖದ ಮೇಲೆ ಬೆರಳಾಡಿಸುತ್ತಿದ್ದ. ಅವನ ಕಣ್ಣು ತುಂಬುತ್ತಿತ್ತು. ಅಂಗಡಿಯವನು ನೋಡುವಷ್ಟರಲ್ಲಿ ಮಡಿಚಿಟ್ಟು ಮನೆಗೆ ನಡೆಯುತ್ತಿದ್ದ. ಮುಂದಿನ ವಾರ ಮತ್ತೆ ಬರುತ್ತಿದ್ದ. ಬದುಕಿರುವವರೆಗೂ ಬಂದ.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶನಿಗೆ ಸಮಾಧಾನವಾಗಲಿಲ್ಲ. "ಬಿಟ್ಟುಬಂದು ಅವನು ಗಳಿಸಿದ್ದೇನು, ಗುರುಗಳೇ? ಅಲ್ಲೇ ಇದ್ದಿದ್ದರೆ ಈ ಹಂಬಲವಾದರೂ ಇರುತ್ತಿರಲಿಲ್ಲ" ಎಂದ.

"ಸತ್ತ ತಾಯಿಯನ್ನು ಮರಳಿಸಿ ಪತ್ರಿಕೆಯವರು ಮುಗಿಲಾಳಿನಿಂದ ಕಿತ್ತುಕೊಂಡದ್ದು ಆ ಹಂಬಲವನ್ನೇ, ಮಗು, ತನ್ನ ಪಾಲಿಗಾದರೂ ಅದು ಉಳಿಯಲಿ ಎಂದು ಅವನು ಬಿಟ್ಟುಬಂದ" ಎಂದರು ಗುರುಗಳು.

ಅಡವೀಶ ತಲೆ ತಗ್ಗಿಸಿ ಕೂತ.